ಗೆದ್ದವರ ಕಥೆ, ಅತ್ತವರ ಕಥೆ: ತುಮಕೂರು ಸೀಮೆಯಿಂದ ಯುದ್ಧಚಿತ್ರಗಳ ಸಮೀಕ್ಷೆ

ಸೈನಿಕರ ಕಥೆ ಹೇಳುವ ಸಿನಿಮಾ ಬಂದಾಗಲೆಲ್ಲ ತುಮಕೂರಿನ ಬಿ.ಎಚ್. ರಸ್ತೆಯ ಟೀ ಅಂಗಡಿಗಳಲ್ಲಿ, ಗುಬ್ಬಿಯ ಬಸ್ ನಿಲ್ದಾಣದಲ್ಲಿ, ಕುಣಿಗಲ್ಲಿನ ಕಾಲೇಜು ಹುಡುಗರ ಗುಂಪಿನಲ್ಲಿ ಒಂದೇ ಬಗೆಯ ವಾದ ಏಳುತ್ತದೆ. ಮೈನವಿರೇಳಿತು, ಇಂಥದ್ದನ್ನು ಶಾಲೆ ಮಕ್ಕಳಿಗೆಲ್ಲ ತೋರಿಸಬೇಕು ಎನ್ನುವವರು ಒಂದು ಕಡೆ. ಮೂರು ಗಂಟೆ ಗುಂಡಿನ ಸದ್ದು ಕೇಳಿ ತಲೆ ಸಿಡಿಯಿತು, ಅದರಲ್ಲಿ ಮನುಷ್ಯರೇ ಇರಲಿಲ್ಲ ಎನ್ನುವವರು ಇನ್ನೊಂದು ಕಡೆ. ಸೇನೆಯಲ್ಲಿ ದುಡಿದು ಊರಿಗೆ ಮರಳಿದವರು ‘ಅಲ್ಲಿ ಹಿಂಗೆಲ್ಲ ನಡೆಯಲ್ಲ ಬಿಡಪ್ಪ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮಗ ಗಡಿಯಲ್ಲಿರುವ ಎಷ್ಟೋ ತಾಯಂದಿರು ಆ ಸಿನಿಮಾಕ್ಕೆ ಹೋಗುವುದೇ ಇಲ್ಲ. ಹೋಗದಿರುವುದೂ ಒಂದು ಅಭಿಪ್ರಾಯವೇ.

ಈ ನಾಲ್ಕರಲ್ಲಿ ಯಾವುದನ್ನೂ ತಳ್ಳಿಹಾಕುವಂತಿಲ್ಲ. 1964ರ ‘ಹಕೀಕತ್’ನಿಂದ ಹಿಡಿದು 1990ರ ‘ಮುತ್ತಿನ ಹಾರ’, 1997ರ ‘ಬಾರ್ಡರ್’, 2019ರ ‘ಉರಿ’, 2024ರ ‘ಅಮರನ್’ವರೆಗೆ ಒಂದೊಂದು ಚಿತ್ರದ ಬೆನ್ನಿಗೂ ಇವೇ ವಾದಗಳು ಬಂದಿವೆ. ಅವನ್ನೆಲ್ಲ ಒಂದೆಡೆ ಇಟ್ಟು ತೂಗಿ ನೋಡುವುದು ಈ ಲೇಖನದ ಕೆಲಸ. ಅದಕ್ಕೆ ಬೇಕಾದ ತಕ್ಕಡಿಯನ್ನು ಹೊರಗಿನಿಂದ ಎರವಲು ತರಬೇಕಾಗಿಲ್ಲ. ಯುದ್ಧದ ಕಥೆಯನ್ನು ಹೇಗೆ ಕಟ್ಟಬೇಕು, ಹೇಗೆ ನೋಡಬೇಕು ಎಂಬುದನ್ನು ತುಮಕೂರು ಸೀಮೆ ತಲೆಮಾರುಗಳಿಂದ ರಂಗದ ಮೇಲೆ ಅಭ್ಯಾಸ ಮಾಡಿಕೊಂಡು ಬಂದಿದೆ. ಯುದ್ಧಚಿತ್ರಗಳ ಚರ್ಚೆಯಲ್ಲಿ ನಾವು ಆ ಅಭ್ಯಾಸವನ್ನು ಮರೆತಿದ್ದೇವೆ ಎಂಬುದೇ ನನ್ನ ಕೊರಗು.

ರಂಗಕ್ಕೆ ಬಂದ ಆನೆ

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕೈಗೆ ಬಂದ ಮೇಲೆ ದಕ್ಷಿಣ ಭಾರತದಲ್ಲೆಲ್ಲ ಮನೆಮಾತಾಯಿತು. ಆ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ ಆಡಿದಾಗ ನಿಜವಾದ ಆನೆ, ನಿಜವಾದ ಕುದುರೆ ರಂಗದ ಮೇಲೆ ಬಂದವು. ಅಲ್ಲಿಯವರೆಗೆ ಕೇಳಿಯಷ್ಟೇ ಗೊತ್ತಿದ್ದ ರಣರಂಗ ಕಣ್ಣೆದುರಿಗೆ ಬಂತು. ಇಷ್ಟೊಂದು ಅದ್ಧೂರಿ ಏಕೆ, ಮಾತು ಮತ್ತು ಅಭಿನಯ ಸಾಲದೇ ಎಂಬ ಪ್ರಶ್ನೆಯನ್ನು ವೃತ್ತಿರಂಗಭೂಮಿ ದಶಕಗಳ ಕಾಲ ಎದುರಿಸಿತು. ಇಂದು ಗ್ರಾಫಿಕ್ಸ್‌ನಲ್ಲಿ ಸಿಡಿಯುವ ಟ್ಯಾಂಕುಗಳನ್ನು ನೋಡಿ ನಾವು ಕೇಳುವ ಪ್ರಶ್ನೆಯೂ ಅದೇ.

ಆ ಕಂಪನಿಯಲ್ಲಿ ಪಳಗಿದವರೇ ಮುಂದೆ ಕನ್ನಡ ಸಿನಿಮಾಕ್ಕೆ ರಣರಂಗವನ್ನು ಒಯ್ದರು. 1960ರ ‘ರಣಧೀರ ಕಂಠೀರವ’ದ ಹಿಂದೆ ನಿಂತ ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ತಿಪಟೂರಿನ ನರಸಿಂಹರಾಜು ಎಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರು. 1977ರ ‘ಬಬ್ರುವಾಹನ’ ನಿರ್ದೇಶಿಸಿದ ಹುಣಸೂರು ಕೃಷ್ಣಮೂರ್ತಿಯವರ ನಂಟೂ ಅದೇ ಪರಂಪರೆಯದು. ತಂದೆ ಅರ್ಜುನ, ಮಗ ಬಬ್ರುವಾಹನ ಎರಡೂ ಪಾತ್ರ ರಾಜ್‌ಕುಮಾರರದೇ ಆಗಿದ್ದ ಆ ಚಿತ್ರದಲ್ಲಿ ಬಾಣಗಳಿಗಿಂತ ಮಾತು ಹರಿತ. ಕಾಳಗಕ್ಕೆ ಮೊದಲು ಇಬ್ಬರೂ ಒಬ್ಬರನ್ನೊಬ್ಬರು ಮಾತಿನಲ್ಲಿ ಅಳೆಯುತ್ತಾರೆ. ಯಾರು ಗೆದ್ದರೂ ಸೋಲುವುದು ಚಿತ್ರಾಂಗದೆ ಎಂಬುದು ಆ ಮಾತಿನಿಂದಲೇ ನೋಡುಗನಿಗೆ ತಿಳಿಯುತ್ತದೆ.

ಅದ್ಧೂರಿಯ ಪರ ವಾದಿಸುವವರದು ಗಟ್ಟಿಯಾದ ಮಾತೇ. ಯುದ್ಧ ಎಷ್ಟು ದೊಡ್ಡದು, ಎಷ್ಟು ಭಯಂಕರ ಎಂಬುದು ನೋಡುಗನ ಎದೆಗೆ ತಟ್ಟಬೇಕಾದರೆ ಕಣ್ಣಿಗೂ ಕಿವಿಗೂ ತಟ್ಟಲೇಬೇಕು ಎಂದು ಅವರು ಹೇಳುತ್ತಾರೆ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಇದಕ್ಕೆ ದೊಡ್ಡ ಸಾಕ್ಷಿ. ಅದರ ಮೊದಲ ಭಾಗದ ಕಡಲತೀರದ ಕಾಳಗ ನೋಡಿ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ್ದ ಮುದುಕರು ತತ್ತರಿಸಿದರು, ಅಮೆರಿಕದ ಮಾಜಿ ಸೈನಿಕರ ಇಲಾಖೆ ಅವರಿಗಾಗಿ ಸಹಾಯವಾಣಿಯನ್ನೇ ತೆರೆಯಬೇಕಾಯಿತು. ಇದಕ್ಕೆ ಎದುರಾದ ಅಭಿಪ್ರಾಯ ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ತ್ರೂಫೋ ಅವರದು. ಯುದ್ಧವನ್ನು ವಿರೋಧಿಸಲೆಂದೇ ಸಿನಿಮಾ ಮಾಡಿದರೂ ತೆರೆಯ ಮೇಲೆ ಯುದ್ಧ ಆಕರ್ಷಕವಾಗಿಯೇ ಕಾಣುತ್ತದೆ ಎಂದು ಅವರು ನಂಬಿದ್ದರು. ‘ಉರಿ’ ಚಿತ್ರದ ಜೋಶ್ ಘೋಷಣೆ ಮದುವೆ ಮನೆಯಿಂದ ರಾಜಕೀಯ ವೇದಿಕೆಯವರೆಗೆ ಮೊಳಗಿದ್ದನ್ನು ನೋಡಿದವರಿಗೆ ತ್ರೂಫೋ ಮಾತಿನಲ್ಲಿ ಹುರುಳಿದೆ ಅನ್ನಿಸದೆ ಇರದು. 2016ರ ಸೆಪ್ಟೆಂಬರ್ 18ರಂದು ಉರಿಯ ಸೇನಾ ಶಿಬಿರದಲ್ಲಿ ಮಡಿದ ಸೈನಿಕರ ಕಥೆಯಿಂದ ಹೊರಟ ಚಿತ್ರದಲ್ಲಿ ಜನರ ಬಾಯಲ್ಲಿ ಉಳಿದದ್ದು ಆ ಒಂದು ಘೋಷಣೆ. ಮಡಿದವರ ಹೆಸರು ಎಷ್ಟು ಜನರ ನೆನಪಿನಲ್ಲಿ ಉಳಿಯಿತು?

ಆದರೂ ಅದ್ಧೂರಿಯೇ ಅಪರಾಧ ಎಂದು ನಾನು ಹೇಳಲಾರೆ. ಗುಬ್ಬಿಯವರ ಆನೆಯನ್ನು ನೋಡಲು ಬಂದ ಜನ ಕರ್ಣನ ಸಾವಿಗೆ ಅಳುತ್ತ ಮನೆಗೆ ಹೋಗಿದ್ದರೆ ಆ ಆನೆ ತನ್ನ ಕೆಲಸ ಮಾಡಿತೆಂದೇ ಅರ್ಥ. ಕಣ್ಣಿಗೆ ಹಬ್ಬವಾದದ್ದು ಆಮೇಲೆ ಎದೆಗೆ ಇಳಿಯಿತೇ ಎಂಬುದಷ್ಟೇ ಪ್ರಶ್ನೆ.

ಒಂದು ರಾತ್ರಿಯ ಕುರುಕ್ಷೇತ್ರ

ಎದೆಗೆ ಇಳಿಯುವುದು ಹೇಗೆ ಎಂಬುದನ್ನು ನೋಡಬೇಕಾದರೆ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೋ, ಯಾವುದಾದರೂ ಹಳ್ಳಿಯ ಬಯಲಿನಲ್ಲೋ ಇಡೀ ರಾತ್ರಿ ಕೂತು ‘ಕುರುಕ್ಷೇತ್ರ’ ನಾಟಕ ನೋಡಬೇಕು. ಈ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ರೈತರು, ಮೇಷ್ಟ್ರುಗಳು, ಅಂಗಡಿಯವರು, ಆಟೋ ಓಡಿಸುವವರು ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿಕೊಂಡು ತಿಂಗಳುಗಟ್ಟಲೆ ರಾತ್ರಿ ಕಲಿಯುತ್ತಾರೆ. ಪಾತ್ರ ಬೇಕಾದವರು ಕೈಯಿಂದ ಹಣ ಕಟ್ಟಬೇಕು. ಸ್ತ್ರೀಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಸೀನರಿ, ಉಡುಪು, ಮೇಕಪ್ಪು ಎಲ್ಲವೂ ಬಾಡಿಗೆಗೆ ಬರುತ್ತವೆ.

ಯಾವ ಪಾತ್ರಕ್ಕೆ ಹೆಚ್ಚು ಹಣ ಎಂಬುದನ್ನು ಗಮನಿಸಬೇಕು. ಕೃಷ್ಣನಿಗೆ ಸರಿಸಮನಾಗಿ ಪೈಪೋಟಿ ನಡೆಯುವುದು ದುರ್ಯೋಧನನ ಪಾತ್ರಕ್ಕೆ, ಆಮೇಲೆ ಕರ್ಣನಿಗೆ, ಭೀಮನಿಗೆ. ಧರ್ಮರಾಯನಿಗೆ ಅಷ್ಟು ಬೇಡಿಕೆ ಇಲ್ಲ. ಯಾರ ಸೋಲು ನಿಶ್ಚಿತವೋ, ಯಾರ ಕಡೆ ಅಧರ್ಮವಿದೆ ಎಂದು ಇಡೀ ಊರು ಒಪ್ಪಿದೆಯೋ ಅವನ ಪಾತ್ರಕ್ಕೆ ಹೊಲದ ಬೆಳೆ ಮಾರಿದ ದುಡ್ಡು ಕಟ್ಟುವವರಿದ್ದಾರೆ. ಯಾಕೆಂದರೆ ಆ ಪಾತ್ರಕ್ಕೆ ಗತ್ತಿದೆ, ಛಲವಿದೆ, ಕೊನೆಗೆ ಅಳುವ ಹಕ್ಕೂ ಇದೆ.

ಇನ್ನೊಂದು ವಿಷಯ. ರಾತ್ರಿಯುದ್ದಕ್ಕೂ ನಡೆಯುವ ಆ ನಾಟಕದಲ್ಲಿ ಕಾಳಗಕ್ಕೆ ಸಿಗುವ ಹೊತ್ತು ತೀರ ಕಡಿಮೆ. ಹೆಚ್ಚು ಹೊತ್ತು ನಡೆಯುವುದು ಯುದ್ಧಕ್ಕೆ ಮೊದಲಿನ ಮಾತು. ಕೃಷ್ಣ ಸಂಧಾನಕ್ಕೆ ಬರುತ್ತಾನೆ. ಯುದ್ಧ ತಪ್ಪಿಸಲು ಸಾಧ್ಯವಿತ್ತು ಎಂಬುದನ್ನು ಪ್ರೇಕ್ಷಕರು ಕಣ್ಣಾರೆ ನೋಡುತ್ತಾರೆ. ಕುಂತಿ ಕರ್ಣನ ಮುಂದೆ ಬಂದು ನಿಲ್ಲುತ್ತಾಳೆ. ಅಭಿಮನ್ಯು ಉತ್ತರೆಯನ್ನು ಬೀಳ್ಕೊಳ್ಳುತ್ತಾನೆ. ಭಾನುಮತಿ ಗಂಡನ ದಾರಿಗೆ ಅಡ್ಡ ನಿಲ್ಲುತ್ತಾಳೆ. ಕರ್ಣ-ಕುಂತಿಯರ ದೃಶ್ಯದಲ್ಲಿ ಹಾಡು ಚೆನ್ನಾಗಿ ಬಂದರೆ ‘ಒನ್ಸ್ ಮೋರ್’ ಕೂಗು ಏಳುತ್ತದೆ, ನಟ ಮತ್ತೊಮ್ಮೆ ಹಾಡುತ್ತಾನೆ, ಯಾರೋ ರಂಗದ ಮೇಲೆ ಹತ್ತಿ ನೋಟಿನ ಹಾರ ಹಾಕಿ ಬರುತ್ತಾರೆ. ಕಂಬಳಿ ಹೊದ್ದು ಕೂತ ಅಜ್ಜಿಯರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಗದಾಯುದ್ಧ ಬರುವ ಹೊತ್ತಿಗೆ ಬೆಳಕು ಹರಿಯುತ್ತಿರುತ್ತದೆ. ಆ ಹೊತ್ತಿಗೆ ಯಾರು ಗೆಲ್ಲುತ್ತಾರೆ ಎಂಬ ಕುತೂಹಲ ಯಾರಿಗೂ ಉಳಿದಿರುವುದಿಲ್ಲ, ಯಾರು ಯಾರನ್ನು ಕಳೆದುಕೊಂಡರು ಎಂಬ ಸಂಕಟ ಮಾತ್ರ ಉಳಿದಿರುತ್ತದೆ.

ಯುದ್ಧಕ್ಕೆ ಮೊದಲು ಮಾತಿಗೆ ಜಾಗ, ಎದುರು ಪಕ್ಷದವನಿಗೂ ಘನತೆ, ಮನೆಯ ಹೆಂಗಸರಿಗೆ ದನಿ: ಈ ಮೂರೂ ನಮ್ಮ ಹಳ್ಳಿಯ ನಾಟಕದಲ್ಲಿ ತಾವಾಗಿಯೇ ಇವೆ. ಸಿನಿಮಾಗಳ ಬಗೆಗಿನ ಭಿನ್ನಾಭಿಪ್ರಾಯಗಳನ್ನು ಈ ಮೂರರ ಎದುರು ಇಟ್ಟು ನೋಡೋಣ.

ನಡೆದದ್ದೆಷ್ಟು, ಕಟ್ಟಿದ್ದೆಷ್ಟು

ಮಾಜಿ ಸೈನಿಕರ ತಕರಾರು ಬಹುಪಾಲು ಸತ್ಯದ ಬಗ್ಗೆ. ಕೈಯಲ್ಲಿ ರೈಫಲ್ ಹಿಡಿದ ರೀತಿ, ಎದೆ ಮೇಲಿನ ಪದಕಗಳ ಸಾಲು, ಅಧಿಕಾರಿಯ ಮುಂದೆ ಜವಾನ ಕೂಗಾಡುವುದು, ಗುಂಡಿನ ಮಳೆಯಲ್ಲಿ ನಿಂತು ಭಾಷಣ ಮಾಡುವುದು ಅವರ ಕಣ್ಣಿಗೆ ಕೂಡಲೇ ಚುಚ್ಚುತ್ತವೆ. ಸಿನಿಮಾದವರ ಉತ್ತರವೂ ಸಿದ್ಧವಿರುತ್ತದೆ: ನಾವು ಸಾಕ್ಷ್ಯಚಿತ್ರ ಮಾಡುತ್ತಿಲ್ಲ, ಕಥೆಗೆ ಬೇಕಾದಷ್ಟು ಸ್ವಾತಂತ್ರ್ಯ ನಮಗಿರಬೇಕು.

ಈ ಸ್ವಾತಂತ್ರ್ಯದ ಗಡಿ ಎಲ್ಲಿ ಎಂಬುದಕ್ಕೆ ಜೆ.ಪಿ. ದತ್ತಾ ಅವರ ‘ಬಾರ್ಡರ್’ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೊಂಗೆವಾಲಾ ಠಾಣೆಯಲ್ಲಿ ಪಂಜಾಬ್ ರೆಜಿಮೆಂಟಿನ 23ನೇ ಪಡೆಯ ಸುಮಾರು 120 ಸೈನಿಕರು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ನಾಯಕತ್ವದಲ್ಲಿ ಪಾಕಿಸ್ತಾನದ ಟ್ಯಾಂಕ್ ಪಡೆಯನ್ನು ಬೆಳಗಿನವರೆಗೆ ತಡೆದು ನಿಲ್ಲಿಸಿದರು. ವಾಯುಪಡೆಯ ಹಂಟರ್ ವಿಮಾನಗಳಿಗೆ ರಾತ್ರಿ ದಾಳಿ ಮಾಡುವ ಸೌಲಭ್ಯ ಇರಲಿಲ್ಲ. ಬೆಳಗಾದ ಕೂಡಲೇ ಜೈಸಲ್ಮೇರಿನಿಂದ ಹಾರಿ ಬಂದು ಅವು ಮರಳಿನಲ್ಲಿ ಸಿಕ್ಕಿಕೊಂಡ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದವು. ಚಿತ್ರ ತೆರೆಕಂಡ ಮೇಲೆ ವಾದ ಎದ್ದದ್ದು ಈ ಗೆಲುವಿನ ಹೆಚ್ಚಿನ ಪಾಲು ಯಾರದು ಎಂಬುದರ ಮೇಲೆ. ರಾತ್ರಿಯಿಡೀ ನಿಂತ ಕಾಲಾಳುಗಳದೋ, ಬೆಳಗ್ಗೆ ಬಂದ ವೈಮಾನಿಕರದೋ ಎಂದು ನಿವೃತ್ತ ಅಧಿಕಾರಿಗಳೇ ವರ್ಷಗಟ್ಟಲೆ ವಾದಿಸಿದರು.

ಅದಕ್ಕಿಂತ ಮನಸ್ಸು ಕಲಕುವ ಸಂಗತಿ ಇನ್ನೊಂದಿದೆ. ಆ ಕಾಳಗದಲ್ಲಿ ನಮ್ಮ ಕಡೆ ಸತ್ತವರು ಬೆರಳೆಣಿಕೆಯಷ್ಟು ಜನ. ಸಿನಿಮಾದಲ್ಲಿ ಸಾಲು ಸಾಲು ಹೆಣ ಬೀಳುತ್ತವೆ. ಅಕ್ಷಯ್ ಖನ್ನಾ ನಟಿಸಿದ ಲೆಫ್ಟಿನೆಂಟ್ ಧರಮ್‌ವೀರ್ ತೆರೆಯ ಮೇಲೆ ಸಾಯುತ್ತಾನೆ, ನಿಜವಾದ ಧರಮ್‌ವೀರ್ ಯುದ್ಧದಿಂದ ಬದುಕಿ ಬಂದವರು. ಸುನಿಲ್ ಶೆಟ್ಟಿ ನಟಿಸಿದ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ಚಿತ್ರದಲ್ಲಿ ವೀರಮರಣ ಹೊಂದುತ್ತಾನೆ. ನಿಜವಾದ ಭೈರೋನ್ ಸಿಂಗ್ ರಾಥೋಡ್ ಚಿತ್ರ ಬಂದ ಮೇಲೂ 25 ವರ್ಷ ಬದುಕಿದ್ದು, 2022ರ ಡಿಸೆಂಬರ್‌ನಲ್ಲಿ ಜೋಧಪುರದಲ್ಲಿ ತೀರಿಕೊಂಡರು. ಕೋಟ್ಯಂತರ ಜನರ ಕಣ್ಣಿಗೆ ಸತ್ತುಹೋದ ವೀರರೊಬ್ಬರು ಇತ್ತ ಹಳ್ಳಿಯಲ್ಲಿ ಮುಪ್ಪು ಕಳೆಯುತ್ತಿದ್ದರು. ಬದುಕಿ ಬಂದ ಸೈನಿಕನ ಕಥೆಗೆ ಬೆಲೆ ಕಡಿಮೆ ಎಂಬ ನಂಬಿಕೆ ಈ ಬದಲಾವಣೆಯ ಹಿಂದಿದೆ. ನನಗೆ ಅದೇ ದೊಡ್ಡ ತಪ್ಪಾಗಿ ಕಾಣುತ್ತದೆ. ಕಾಲು ಕಳೆದುಕೊಂಡು, ಕಿವಿ ಕಳೆದುಕೊಂಡು, ನಿದ್ದೆ ಕಳೆದುಕೊಂಡು ಊರಿಗೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಸತ್ತರೆ ಮಾತ್ರ ವೀರ ಎಂದು ಸಿನಿಮಾ ಕಲಿಸಿದರೆ ಅವರಿಗೆ ಯಾವ ಸ್ಥಾನ?

2020ರ ‘ಗುಂಜನ್ ಸಕ್ಸೇನಾ’ ಚಿತ್ರದ ವಾದ ಬೇರೆ ಬಗೆಯದು. ಕಾರ್ಗಿಲ್ ಯುದ್ಧದಲ್ಲಿ ಹೆಲಿಕಾಪ್ಟರ್ ಹಾರಿಸಿದ ಮಹಿಳಾ ಅಧಿಕಾರಿಯ ಕಥೆಯಲ್ಲಿ ಸಹೋದ್ಯೋಗಿಗಳು ಆಕೆಯನ್ನು ಕೀಳಾಗಿ ಕಂಡಂತೆ ತೋರಿಸಲಾಗಿದೆ ಎಂದು ವಾಯುಪಡೆ ಸೆನ್ಸಾರ್ ಮಂಡಳಿಗೆ ಪತ್ರ ಬರೆಯಿತು. ಗಂಡಸರ ನಡುವೆ ಮೊದಲ ಹೆಂಗಸಾಗಿ ಕೆಲಸಕ್ಕೆ ಹೋದ ಯಾವ ಹೆಣ್ಣುಮಗಳಿಗೂ ಆ ಅನುಭವ ಹೊಸದೇನಲ್ಲ ಎಂದು ಚಿತ್ರದ ಪರ ನಿಂತವರು ಹೇಳಿದರು. ಇಲ್ಲಿ ಎರಡೂ ಕಡೆಗೆ ನ್ಯಾಯ ಸಲ್ಲಬೇಕಾದರೆ ದಾರಿ ಒಂದೇ: ಬದುಕಿರುವ ವ್ಯಕ್ತಿಯ, ಗುರುತಿಸಬಹುದಾದ ತುಕಡಿಯ ಹೆಸರು ಬಳಸಿಕೊಂಡ ಮೇಲೆ ದಾಖಲೆಗೆ ಬದ್ಧರಾಗಿರಬೇಕು. ಕಲ್ಪನೆಯೇ ಬೇಕೆಂದರೆ ಹೆಸರನ್ನೂ ಕಲ್ಪಿಸಿಕೊಳ್ಳಬೇಕು. ನಮ್ಮ ಕವಿಗಳು ಭಾರತದ ಕಥೆಯನ್ನು ಮನಸೋಇಚ್ಛೆ ತಿದ್ದಿದ್ದಾರೆ ನಿಜ, ಆದರೆ ಕರ್ಣನ ಹೆಂಡತಿ ಮಕ್ಕಳು ಪಕ್ಕದ ಬೀದಿಯಲ್ಲಿ ವಾಸವಾಗಿರಲಿಲ್ಲ.

ಎದುರಾಳಿಯ ಮುಖ

ಅತಿ ಬಿಸಿಯಾದ ಜಗಳ ಇರುವುದು ಶತ್ರುವನ್ನು ಹೇಗೆ ತೋರಿಸಬೇಕೆಂಬುದರಲ್ಲಿ. ದೇಶಕ್ಕಾಗಿ ಸತ್ತವರ ಕಥೆಯಲ್ಲಿ ಕೊಂದವರ ಬಗ್ಗೆ ಕನಿಕರ ಏಕೆ ಎಂದು ಒಂದು ಪಕ್ಷ ಕೇಳುತ್ತದೆ. ಹಲ್ಲು ಕಿರಿಯುವ, ಕಿರುಚುವ, ಮೂರ್ಖನಾದ ಶತ್ರುವನ್ನು ತೋರಿಸಿದರೆ ನಮ್ಮ ಸೈನಿಕನ ಸಾಹಸವೇ ಸಣ್ಣದಾಗುತ್ತದೆ, ಜತೆಗೆ ನಮ್ಮ ನಡುವೆಯೇ ಬದುಕುವ ಒಂದು ಸಮುದಾಯದ ಮೇಲೆ ಗುಮಾನಿ ಬೆಳೆಯುತ್ತದೆ ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ. ಮೇಜರ್ ಮುಕುಂದ್ ವರದರಾಜನ್ ಕಥೆಯ ತಮಿಳು ಚಿತ್ರ ‘ಅಮರನ್’ ಬಂದಾಗ ಕಾಶ್ಮೀರಿ ಮುಸ್ಲಿಮರನ್ನು ತೋರಿಸಿದ ಬಗೆಯನ್ನು ಆಕ್ಷೇಪಿಸಿ ತಮಿಳುನಾಡಿನಲ್ಲಿ ಪ್ರತಿಭಟನೆಗಳು ನಡೆದವು. ಅದೇ ಚಿತ್ರವನ್ನು ಲಕ್ಷಾಂತರ ಜನ ಕಣ್ಣೀರಿಡುತ್ತ ನೋಡಿದರು. ಇಬ್ಬರೂ ನೋಡಿದ್ದು ಒಂದೇ ಚಿತ್ರ.

ಈ ಜಗಳಕ್ಕೆ ತುಮಕೂರು ಜಿಲ್ಲೆ ಕೊಡಬಹುದಾದ ಉತ್ತರ ಹಳೆಯದು, ಘನವಾದದ್ದು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ಕೃತಿಯನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಕ್ರಿಸ್ತಪೂರ್ವ 472ರ ಆ ನಾಟಕವನ್ನು ಬರೆದವನು ಪರ್ಷಿಯನ್ನರ ವಿರುದ್ಧ ಸ್ವತಃ ಯುದ್ಧ ಮಾಡಿದ ಸೈನಿಕ. ಯುದ್ಧ ಗೆದ್ದದ್ದು ಅವನ ಊರು. ಆದರೂ ಅವನು ರಂಗಕ್ಕೆ ತಂದದ್ದು ಸೋತವರ ಅರಮನೆಯನ್ನು. ಮಗನಿಗಾಗಿ ಕಾಯುವ ಪರ್ಷಿಯದ ರಾಜಮಾತೆ, ಸತ್ತ ದಳಪತಿಗಳ ಹೆಸರು ಕೇಳಿ ಕುಸಿಯುವ ಹಿರಿಯರು, ಹರಿದ ಬಟ್ಟೆಯಲ್ಲಿ ಮರಳುವ ದೊರೆ, ಇವರೇ ಅದರ ಪಾತ್ರಗಳು. ಗೆದ್ದ ಅಥೆನ್ಸಿನ ಜನ ಅದನ್ನು ಕೂತು ನೋಡಿ ಬಹುಮಾನ ಕೊಟ್ಟರು. ಬಿ.ಎಂ.ಶ್ರೀ ಅದಕ್ಕೂ ಮೊದಲು ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕ’ ಕಟ್ಟಿದ್ದರು, ‘ಅಶ್ವತ್ಥಾಮನ್’ ಬರೆದಿದ್ದರು. ಮೂರರಲ್ಲೂ ನಡುವೆ ನಿಂತಿರುವುದು ಸೋತವನೇ.

ಕನ್ನಡದ ಮಾತಿನ ಸಿನಿಮಾ ಹುಟ್ಟಿದ್ದೂ ಇದೇ ದಾರಿಯಲ್ಲಿ. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಯುದ್ಧದ ಕಥೆ. ಅದಕ್ಕೆ ಬರೆದವರು ತುಮಕೂರು ತಾಲ್ಲೂಕಿನ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು. ರಾಮ ರಾವಣರ ಯುದ್ಧವನ್ನು ಅವರು ಹೇಳಿದ್ದು ಲಂಕೆಯ ಒಳಗಿನಿಂದ, ಇಂದ್ರಜಿತುವಿನ ಹೆಂಡತಿಯ ಕಡೆಯಿಂದ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಆದರೆ ಕನ್ನಡ ಬೆಳ್ಳಿತೆರೆ ಬಾಯಿ ತೆರೆದು ಹೇಳಿದ ಮೊದಲ ಕಥೆಯೇ ಶತ್ರುವಿನ ವಿಧವೆಯದು ಎಂಬುದನ್ನು ನಾವು ಮರೆಯಬಾರದು. ರಾಮನ ಮೇಲಿನ ಭಕ್ತಿ ಅದರಿಂದ ಕಡಿಮೆಯಾಯಿತು ಎಂದು ಯಾರೂ ಹೇಳಲಿಲ್ಲ. ದುರ್ಯೋಧನನ ಕಡೆಯಿಂದ ಭಾರತ ಹೇಳಿದ 2019ರ ‘ಕುರುಕ್ಷೇತ್ರ’ವೂ ರನ್ನನ ಮೊಮ್ಮಗನೇ.

ಹೊರಗಿನ ಜಗತ್ತಿನಲ್ಲೂ ದೊಡ್ಡವೆನಿಸಿಕೊಂಡ ಯುದ್ಧಚಿತ್ರಗಳು ಈ ಗುಣದಿಂದಲೇ ದೊಡ್ಡವಾದವು. ಜರ್ಮನ್ ಸೈನಿಕರ ಸಂಕಟವನ್ನು ಅಮೆರಿಕದವರು ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ ಎಂಬ ಹೆಸರಿನಲ್ಲಿ ತೆರೆಗೆ ತಂದರು. 1930ರ ಡಿಸೆಂಬರ್‌ನಲ್ಲಿ ಅದು ಬರ್ಲಿನ್‌ಗೆ ಬಂದಾಗ ನಾಜಿಗಳು ಚಿತ್ರಮಂದಿರದೊಳಗೆ ಇಲಿ ಬಿಟ್ಟು ಗಲಭೆ ಎಬ್ಬಿಸಿದರು, ಕೆಲವೇ ದಿನಗಳಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. ಸೈನಿಕನಿಗೂ ಭಯವಾಗುತ್ತದೆ ಎಂಬ ಸತ್ಯವನ್ನೇ ಅವರಿಗೆ ಸಹಿಸಲಾಗಲಿಲ್ಲ. 2006ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಇವೊ ಜಿಮಾ ಕಾಳಗದ ಮೇಲೆ ಎರಡು ಚಿತ್ರ ಮಾಡಿದರು, ಒಂದು ಅಮೆರಿಕದ ಕಡೆಯಿಂದ, ಇನ್ನೊಂದು ಜಪಾನಿನ ಕಡೆಯಿಂದ. ನಮ್ಮಲ್ಲಿ ‘ಬಾರ್ಡರ್’ ಎಷ್ಟೇ ಅಬ್ಬರಿಸಿದರೂ ಕೊನೆಗೆ ಎರಡೂ ಕಡೆಯ ಸಾವಿಗೆ ಮರುಗುವ ಹಾಡಿಗೆ ಬಂದು ನಿಲ್ಲುತ್ತದೆ. ಆಮೇಲಿನ ಬಹಳ ಚಿತ್ರಗಳಲ್ಲಿ ಆ ಹಾಡಿನಷ್ಟು ಜಾಗವೂ ಉಳಿಯಲಿಲ್ಲ. ಭಯೋತ್ಪಾದಕನನ್ನು ವೀರನಂತೆ ತೋರಿಸಿ ಎಂದು ಯಾರೂ ಕೇಳುತ್ತಿಲ್ಲ. ಅವನಿಗೂ ಅವನ ಊರಿನ ಮುಗ್ಧರಿಗೂ ನಡುವೆ ಗೆರೆ ಎಳೆಯಿರಿ, ಸಮವಸ್ತ್ರದ ಎದುರಾಳಿಗೆ ಒಂದು ಮುಖ ಕೊಡಿ ಎಂಬುದಷ್ಟೇ ಬೇಡಿಕೆ.

ಮನೆಯಲ್ಲಿ ಉಳಿದವರು

ಕನ್ನಡದಲ್ಲಿ ಸೈನಿಕನ ಚಿತ್ರ ಎಂದರೆ ಮೊದಲು ನೆನಪಾಗುವುದು ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’. ಕೊಡಗಿನ ಯೋಧ ಅಚ್ಚಪ್ಪನಾಗಿ ವಿಷ್ಣುವರ್ಧನ್, ದಾದಿಯಾಗಿದ್ದು ಅವನ ಕೈಹಿಡಿಯುವ ಅನ್ನಪೂರ್ಣೆಯಾಗಿ ಸುಹಾಸಿನಿ. ಎರಡನೇ ಮಹಾಯುದ್ಧದ ಬರ್ಮಾ ರಂಗದಿಂದ ಶುರುವಾಗುವ ಕಥೆ ಮುಂದಿನ ಯುದ್ಧಗಳಿಗೂ ಹರಿಯುತ್ತದೆ. ಹಂಸಲೇಖರ ಸಂಗೀತವಿದ್ದ ಆ ಚಿತ್ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಅದರ ಬಗ್ಗೆಯೂ ಎರಡು ಮಾತಿದೆ. ಹಾಡು ಹೆಚ್ಚಾಯಿತು, ಕಣ್ಣೀರು ಹೆಚ್ಚಾಯಿತು, ಕಾಳಗದ ದೃಶ್ಯಗಳಿಗೆ ಇಂದಿನ ಚಿತ್ರಗಳ ಬಿಗಿ ಇಲ್ಲ ಎಂದು ಹೊಸ ತಲೆಮಾರಿನ ಹುಡುಗರು ಹೇಳುತ್ತಾರೆ. ಅವರ ಮಾತು ತಾಂತ್ರಿಕವಾಗಿ ಸರಿ. ಆದರೆ ಆ ಚಿತ್ರ ಮೂವತ್ತೈದು ವರ್ಷದ ನಂತರವೂ ಟಿವಿಯಲ್ಲಿ ಬಂದಾಗ ಮನೆಮಂದಿ ಕೆಲಸ ಬಿಟ್ಟು ಕೂರುವುದು ಗುಂಡಿನ ಸದ್ದಿಗಲ್ಲ. ಯುದ್ಧ ಒಂದು ಸಂಸಾರದಿಂದ ಏನೇನು ಕಿತ್ತುಕೊಂಡಿತು ಎಂಬುದೇ ಅದರ ಬೆನ್ನೆಲುಬು. ಹಾಡುಗಳು ಅಲ್ಲಿ ಮನೆಯ ದನಿ. ಅವನ್ನು ಕತ್ತರಿಸಿದರೆ ಉಳಿಯುವುದು ಪಡೆಗಳ ಚಲನವಲನ ಮಾತ್ರ.

‘ಅಮರನ್’ ಗೆದ್ದದ್ದೂ ಹೆಂಡತಿ ಇಂದುವಿನ ಕಡೆಯಿಂದ ಕಥೆ ಹೇಳಿದ್ದರಿಂದ. ಸಾಯಿ ಪಲ್ಲವಿ ಅಭಿನಯಿಸಿದ ಆ ಪಾತ್ರ ಫೋನಿಗಾಗಿ ಕಾಯುವ ದೃಶ್ಯಗಳು ಹೆಲಿಕಾಪ್ಟರಿನ ದೃಶ್ಯಗಳಿಗಿಂತ ಹೆಚ್ಚು ಭಯ ಹುಟ್ಟಿಸುತ್ತವೆ. ಮಗನನ್ನು ಸೇನೆಗೆ ಕಳಿಸಿದ ನಮ್ಮ ಹಳ್ಳಿಯ ತಾಯಿಗೆ ಸಿಯಾಚಿನ್ ಎಂದರೆ ನಕ್ಷೆಯ ಮೇಲಿನ ಜಾಗವಲ್ಲ, ಸಿಗ್ನಲ್ ಸಿಗದ ಫೋನ್. 2016ರ ಫೆಬ್ರವರಿಯಲ್ಲಿ ಅಲ್ಲಿನ ಹಿಮದಡಿ ಸಿಲುಕಿ ದಿನಗಟ್ಟಲೆ ಜೀವ ಹಿಡಿದುಕೊಂಡಿದ್ದ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ಕರ್ನಾಟಕ ಹರಕೆ ಹೊತ್ತಿತ್ತು. ಅದೇ ಹಿಮಪಾತದಲ್ಲಿ ಹಾಸನ, ಮೈಸೂರು ಜಿಲ್ಲೆಗಳ ಯೋಧರೂ ಮಡಿದರು. ಅಲ್ಲಿ ಶತ್ರುವೂ ಇರಲಿಲ್ಲ, ಗುಂಡೂ ಹಾರಲಿಲ್ಲ. ಸೈನಿಕನ ಬದುಕಿನ ಬಹುಭಾಗ ಇಂಥ ಕಾವಲು, ಚಳಿ, ಕಾಯುವಿಕೆ. ಅದನ್ನು ತೋರಿಸುವ ಚಿತ್ರಗಳು ತೀರ ವಿರಳ.

ನಮ್ಮ ಊರುಗಳ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಎಷ್ಟೋ ಕಡೆ ಪಕ್ಕದಲ್ಲೇ ಬಳೆ ತೊಟ್ಟ ತೋಳು ಎತ್ತಿ ನಿಂತ ಮಾಸ್ತಿಕಲ್ಲು ಇರುತ್ತದೆ. ಸಾವಿನ ಬೆಂಕಿಗೆ ಬಿದ್ದ ಆ ಹೆಂಗಸಿನ ಬದುಕನ್ನು ನಾವು ಇಂದು ವೈಭವೀಕರಿಸಬಾರದು, ಆದರೆ ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವೀರನ ಕಥೆ ಪೂರ್ತಿಯಾಗದು ಎಂದು ಕಲ್ಲು ಕಡೆದವನಿಗೂ ಗೊತ್ತಿತ್ತು.

ಯಾರ ಕಥೆ, ಯಾರ ಅನುಮತಿ

ಉಳಿದ ಎರಡು ವಾದಗಳನ್ನು ಬೇಗ ಹೇಳಿ ಮುಗಿಸಬಹುದು. ಸೇನೆಯನ್ನು ಕುರಿತ ಚಿತ್ರಗಳಿಗೆ ರಕ್ಷಣಾ ಸಚಿವಾಲಯದಿಂದ ನಿರಾಕ್ಷೇಪಣಾ ಪತ್ರ ತರಬೇಕೆಂದು 2020ರ ಜುಲೈನಲ್ಲಿ ಸೂಚನೆ ಹೊರಟಿತು. ಸೇನೆಯ ಮರ್ಯಾದೆ ಉಳಿಯಲು ಇದು ಬೇಕು ಎನ್ನುವವರಿದ್ದಾರೆ. ಸಲಿಂಗಿ ಸೇನಾಧಿಕಾರಿಯ ಪಾತ್ರವಿದ್ದ ಚಿತ್ರಕಥೆಗೆ ಅನುಮತಿ ಸಿಗಲಿಲ್ಲ ಎಂದು ನಿರ್ದೇಶಕ ಓನಿರ್ 2022ರಲ್ಲಿ ಹೇಳಿದ ಮೇಲೆ, ಹೊಗಳಿಕೆಯ ಚಿತ್ರಗಳಷ್ಟೇ ಉಳಿದಾವು ಎಂಬ ಅಂಜಿಕೆ ಹಲವರಿಗೆ ಬಂತು. ನನ್ನ ಮಟ್ಟಿಗೆ ಈ ಅಂಜಿಕೆ ನ್ಯಾಯವಾದದ್ದು. ಟೀಕೆಯನ್ನು ತಾಳಿಕೊಳ್ಳುವ ಬಲ ನಮ್ಮ ಸೇನೆಗಿದೆ. ರಹಸ್ಯಗಳನ್ನು ಕಾಯುವುದು ಸರ್ಕಾರದ ಕೆಲಸ, ಕಥೆಯನ್ನು ತಿದ್ದುವುದು ಅದರ ಕೆಲಸವಲ್ಲ.

ಇನ್ನೊಂದು ವಾದ, ಯಾರ ಹೆಸರು ಮೇಲೆ ಬರಬೇಕೆಂಬುದು. 1962ರ ರೆಜಾಂಗ್ ಲಾ ಕಾಳಗದ ಮೇಲೆ 2025ರಲ್ಲಿ ಬಂದ ‘120 ಬಹಾದ್ದೂರ್’ ಚಿತ್ರದ ಹೆಸರಿನಲ್ಲಿ ತಮ್ಮ ಜನರ ತ್ಯಾಗ ಕಾಣಬೇಕೆಂದು ಅಹೀರ್ ಸಮುದಾಯ ಬೀದಿಗಿಳಿಯಿತು. ಅವರ ನೋವು ನಮಗೂ ಅರ್ಥವಾಗಬೇಕು. ಹಿಂದಿಯ ದೊಡ್ಡ ಯುದ್ಧಚಿತ್ರಗಳಲ್ಲಿ ಕನ್ನಡ ಮಾತಾಡುವ ಸೈನಿಕ ಕಾಣುವುದು ಅಪರೂಪ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಟಿ, ಕತ್ತಿ ಹಿಡಿದು ಕುದುರೆ ಏರಿ ಮೆಷಿನ್‌ಗನ್‌ಗಳ ಎದುರು ನುಗ್ಗಿ ಹೈಫಾ ಪಟ್ಟಣವನ್ನು ಬಿಡಿಸಿದವರು ಜೋಧಪುರದ ಅಶ್ವದಳ ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ಕುಣಿಗಲ್ಲಿನಲ್ಲಿ ಈಗ ರೇಸ್ ಕುದುರೆ ಬೆಳೆಯುತ್ತಿವೆ. ಅಶ್ವದಳದ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಊರು ಎಲ್ಲಿ ಸಿಕ್ಕೀತು? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಯುದ್ಧ ಈಗ ಈ ಸೀಮೆಗೆ ಬರಿಯ ಪುರಾಣವಲ್ಲ, ಉದ್ಯೋಗವೂ ಹೌದು. ಅದಕ್ಕೇ ಯುದ್ಧದ ಕಥೆಯ ಬಗ್ಗೆ ನಮ್ಮ ವಿವೇಕ ಇನ್ನಷ್ಟು ಎಚ್ಚರವಾಗಿರಬೇಕು.

ಕೇಳಬೇಕಾದ ಪ್ರಶ್ನೆಗಳು

ಇಷ್ಟೆಲ್ಲ ತೂಗಿದ ಮೇಲೆ ಯಾವ ಪಕ್ಷ ಸರಿ? ಮೈನವಿರೇಳಿತು ಎನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ. ಸಾಹಸ ಕಂಡು ರೋಮಾಂಚನಗೊಳ್ಳುವುದು ಆರೋಗ್ಯದ ಲಕ್ಷಣ. ಹಿಂಗೆಲ್ಲ ನಡೆಯಲ್ಲ ಎನ್ನುವ ಮಾಜಿ ಹವಾಲ್ದಾರರ ಮಾತನ್ನು ವಿಮರ್ಶಕರು ಬರೆದುಕೊಳ್ಳಬೇಕು. ಮನುಷ್ಯರೇ ಇರಲಿಲ್ಲ ಎನ್ನುವವರ ಬೇಸರ ಚಿತ್ರಕರ್ಮಿಗಳ ಕಿವಿಗೆ ಬೀಳಬೇಕು. ಚಿತ್ರಮಂದಿರಕ್ಕೇ ಬಾರದ ತಾಯಿಗೆ ಹೇಳುವಂಥ ಕಥೆ ಕಟ್ಟುವ ಹೊಣೆ ನಮ್ಮೆಲ್ಲರ ಮೇಲಿದೆ.

ಮುಂದಿನ ಯುದ್ಧಚಿತ್ರ ನೋಡಿ ಬಂದಾಗ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ. ಬದುಕಿದವರ, ಸತ್ತವರ ವಿಷಯದಲ್ಲಿ ಚಿತ್ರ ಸತ್ಯಕ್ಕೆ ನಿಷ್ಠವಾಗಿತ್ತೇ? ನಮ್ಮ ಸೈನಿಕನಿಗೆ ಭಯಪಡುವ, ಅಳುವ ಹಕ್ಕು ಸಿಕ್ಕಿತೇ? ಎದುರಾಳಿಗೆ ಒಂದು ಮುಖ, ಒಂದು ಕಾರಣ ಇತ್ತೇ? ಮನೆಯಲ್ಲಿ ಕಾಯುವ ಹೆಂಗಸಿಗೆ ಕಣ್ಣೀರಿನ ಜತೆಗೆ ಮಾತೂ ಇತ್ತೇ? ಹೌದೆಂಬ ಉತ್ತರ ಹೆಚ್ಚಾದಷ್ಟೂ ಚಿತ್ರ ದೊಡ್ಡದು. ಟಿಕೆಟ್ ಗಳಿಕೆ, ಘೋಷಣೆಯ ಸದ್ದು ಇವೆಲ್ಲ ಆಮೇಲಿನ ಮಾತು.

ಇದಕ್ಕೆ ಕೆಲಸವೂ ಆಗಬೇಕು. ತುಮಕೂರಿನ ಕಾಲೇಜುಗಳು ‘ಮುತ್ತಿನ ಹಾರ’ವನ್ನೂ ‘ಬಾರ್ಡರ್’ ಅನ್ನೂ ಒಂದೇ ವಾರ ತೋರಿಸಿ, ಊರಿನ ಮಾಜಿ ಸೈನಿಕರನ್ನೂ ಕುರುಕ್ಷೇತ್ರದ ಮೇಷ್ಟ್ರುಗಳನ್ನೂ ಒಂದೇ ವೇದಿಕೆಗೆ ಕರೆದು ಮಾತಾಡಿಸಲಿ. ‘ಪಾರಸಿಕರು’ ಮತ್ತೆ ರಂಗಕ್ಕೆ ಬರಲಿ. ಕಥೆ ಹುಡುಕುವ ಕನ್ನಡ ನಿರ್ದೇಶಕರು ಹೈಫಾಕ್ಕೆ ಹೋದವರ ಊರು ಮನೆಗಳನ್ನು ಹುಡುಕಲಿ. ಸೈನಿಕನನ್ನು ಗೌರವಿಸುವುದೆಂದರೆ ಅವನ ಕಥೆಯನ್ನು ಪೂರ್ತಿಯಾಗಿ ಹೇಳುವುದು. ದುರ್ಯೋಧನನಿಗೂ ಅತ್ತ ಈ ನೆಲಕ್ಕೆ ಅಷ್ಟು ದೊಡ್ಡ ಮನಸ್ಸು ಖಂಡಿತ ಇದೆ, ಆ ಮನಸ್ಸಿಗೆ ತಕ್ಕ ಚಿತ್ರವನ್ನು ಕೇಳಿ ಪಡೆಯುವ ಹಟ ನೋಡುಗರಾದ ನಮಗಿರಬೇಕು.